ಒಂದು ಮೊಳದಿಂದ ಅನಂತದವರೆಗೆ

ಕೈಗೆ ಬಿಡುವಿದ್ದವರು ಬಲಗೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಎಡಗಣ್ಣು ಮುಚ್ಚಿ ಅದನ್ನು ನೋಡಿ. ಈಗ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿ. ಹಿಂದಿನ ಗೋಡೆಯ ಮೇಲೆ ಹೆಬ್ಬೆರಳು ಪಕ್ಕಕ್ಕೆ ಜಿಗಿದ ಹಾಗೆ ಕಾಣುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದರೆ ಜಿಗಿತ ದೊಡ್ಡದಾಗುತ್ತದೆ. ಬೀದಿಯಾಚೆಯ ತೆಂಗಿನ ಮರವನ್ನು ಇದೇ ರೀತಿ ನೋಡಿದರೆ ಅದು ಕದಲಿದ ಹಾಗೇ ತೋರುವುದಿಲ್ಲ. ಎರಡು ಕಣ್ಣುಗಳ ನಡುವಿನ ಎರಡೂವರೆ ಇಂಚಿನ ಅಂತರವೇ ನಮಗೆ ಹತ್ತಿರ ಯಾವುದು, ದೂರ ಯಾವುದು ಎಂದು ಹೇಳಿಕೊಡುತ್ತದೆ. ರೇಂಜ್‌ಫೈಂಡರ್ ಕ್ಯಾಮೆರಾ ದೂರವನ್ನು ಅಳೆಯುವುದೂ ಹೀಗೆಯೇ.

ಅದರ ಮುಖದಲ್ಲಿ ಲೆನ್ಸಿನ ಮೇಲ್ಗಡೆ, ಒಂದರಿಂದ ಒಂದು ಅಂತರವಿಟ್ಟು, ಎರಡು ಗಾಜಿನ ಕಿಟಕಿಗಳಿರುತ್ತವೆ. ಹಿಂದಿನಿಂದ ಕಣ್ಣಿಟ್ಟರೆ ನಡುವಿನ ಪುಟ್ಟ ಚೌಕದಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತಾ ಹೋದರೆ ಎರಡು ಬಿಂಬಗಳೂ ಸರಿದು ಬಂದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಆಯಿತು. ಜರ್ಮನಿಯ ಲೈಕಾ ಕ್ಯಾಮೆರಾ 1925ರಲ್ಲಿ ಮೊದಲು ಮಾರಾಟಕ್ಕೆ ಬಂದಾಗ ಈ ಅನುಕೂಲ ಇರಲಿಲ್ಲ, ದೂರವನ್ನು ಅಂದಾಜು ಮಾಡಿ ಉಂಗುರ ತಿರುಗಿಸಬೇಕಿತ್ತು. 1932ರ ಮಾದರಿಯಲ್ಲಿ ಕಿಟಕಿಗೂ ಲೆನ್ಸಿಗೂ ನಂಟು ಬೆಳೆಯಿತು. 1954ರಲ್ಲಿ ಬಂದ ಎಂ3 ಮಾದರಿಯ ಕಿಟಕಿಗಳ ನಡುವೆ ಸುಮಾರು 7 ಸೆಂಟಿಮೀಟರ್ ಅಂತರ. ನಮ್ಮ ಕಣ್ಣುಗಳ ಅಂತರಕ್ಕಿಂತ ತುಸುವೇ ಹೆಚ್ಚು.

ಈ ಕ್ಯಾಮೆರಾಕ್ಕೆ ತೀರಾ ಅಗಲವಾಗಿ ನೋಡುವ ಲೆನ್ಸ್ ಹಾಕಿದಾಗ ಏನಾಗುತ್ತದೆ, ಅಂಥ ಲೆನ್ಸನ್ನು ಹೇಗೆ ಆರಿಸಬೇಕು, ಹೇಗೆ ಫೋಕಸ್ ಮಾಡಬೇಕು ಎಂಬುದು ಇವತ್ತಿನ ಮಾತು. 21 ಮಿಲಿಮೀಟರ್ ಮತ್ತು ಅದಕ್ಕಿಂತ ಕಡಿಮೆ ಫೋಕಲ್ ಲೆಂತ್ ಇರುವವನ್ನು ಅಲ್ಟ್ರಾ ವೈಡ್ ಎನ್ನುತ್ತೇವೆ. 50 ಮಿಲಿಮೀಟರಿನ ಸಾಧಾರಣ ಲೆನ್ಸ್ ಮೂಲೆಯಿಂದ ಮೂಲೆಗೆ 47 ಡಿಗ್ರಿ ಕಂಡರೆ 21ರದ್ದು 92 ಡಿಗ್ರಿ, 15ರದ್ದು 110 ಡಿಗ್ರಿ. ಎರಡೂ ಕೈಗಳನ್ನು ಅಕ್ಕಪಕ್ಕಕ್ಕೆ ಪೂರ್ತಿ ಚಾಚಿ. ಅಲ್ಲಿಂದ ಎರಡನ್ನೂ ಅರ್ಧಕ್ಕಿಂತ ತುಸು ಕಡಿಮೆ ಮುಂದಕ್ಕೆ ತನ್ನಿ. ಆ ಎರಡು ಕೈಗಳ ನಡುವೆ ಏನೇನಿದೆಯೋ ಅಷ್ಟೂ 15ರ ಲೆನ್ಸಿನ ಪಾಲು.

ಅಗಲವಾದ ಲೆನ್ಸುಗಳಿಗೂ ರೇಂಜ್‌ಫೈಂಡರ್‌ಗೂ ಹಳೆಯ ಸ್ನೇಹವಿದೆ, ಅದಕ್ಕೆ ಕಾರಣವೂ ಇದೆ. ಎಸ್‌ಎಲ್‌ಆರ್ ಕ್ಯಾಮೆರಾದ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತದೆ. ಅದು ಮೇಲಕ್ಕೆ ಏಳಲು ಜಾಗ ಬೇಕು, ಹಾಗಾಗಿ ಲೆನ್ಸ್ ಫಿಲ್ಮಿನಿಂದ ದೂರವೇ ನಿಲ್ಲಬೇಕು. ಅಷ್ಟು ದೂರದಲ್ಲಿ ನಿಂತು ಅಗಲವಾಗಿ ನೋಡಲು ಲೆನ್ಸಿನ ರಚನೆಯನ್ನೇ ಬದಲಿಸಬೇಕಾಯಿತು. ಫ್ರಾನ್ಸಿನ ಪಿಯೆರ್ ಆಂಜೆನ್ಯು 1950ರಲ್ಲಿ ಆ ದಾರಿ ತೋರಿಸಿದರು. ಆದರೆ ಅಂಥ ಲೆನ್ಸಿಗೆ ಗಾಜುಗಳು ಹೆಚ್ಚು, ತೂಕವೂ ಹೆಚ್ಚು. ರೇಂಜ್‌ಫೈಂಡರ್‌ನಲ್ಲಿ ಕನ್ನಡಿಯ ಕಾಟವಿಲ್ಲ. ಲೆನ್ಸಿನ ಹಿಂಭಾಗ ಕ್ಯಾಮೆರಾದ ಒಳಕ್ಕೆ ಇಳಿದು ಫಿಲ್ಮಿನ ಹತ್ತಿರಕ್ಕೇ ಹೋಗಿ ಕೂರಬಹುದು. 1954ರಲ್ಲಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಜೈಸ್ ಕಂಪನಿಯ 21ರ ಬಯೊಗಾನ್ ಬಂದಿತು. 1958ರಲ್ಲಿ ಲೈಕಾಕ್ಕೆಂದು ಶ್ನೈಡರ್ ಕಂಪನಿಯವರ ಸೂಪರ್ ಆಂಗ್ಯುಲಾನ್ ಬಂದಿತು. ಎರಡೂ ಪುಟ್ಟವು, ಗೆರೆಗಳನ್ನು ಬಾಗಿಸದವು. ಮರುವರ್ಷ ನಿಕಾನ್ ತನ್ನ ಹೊಸ ಎಸ್‌ಎಲ್‌ಆರ್‌ಗೆ 21ರ ಲೆನ್ಸ್ ಕೊಟ್ಟಾಗ, ಕನ್ನಡಿಯನ್ನು ಮೇಲಕ್ಕೆ ಎತ್ತಿ ಕಟ್ಟಿಯೇ ಅದನ್ನು ಹಾಕಬೇಕಿತ್ತು. ಕನ್ನಡಿ ಎತ್ತಿದರೆ ಕಿಟಕಿ ಕತ್ತಲು. ಆದ್ದರಿಂದ ನೋಡಲು ಪ್ರತ್ಯೇಕ ವ್ಯೂಫೈಂಡರನ್ನು ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸಿಕೊಳ್ಳಬೇಕಿತ್ತು. ಅಷ್ಟು ಹೊತ್ತು ಆ ಎಸ್‌ಎಲ್‌ಆರ್ ಕೂಡ ರೇಂಜ್‌ಫೈಂಡರ್‌ನ ಹಾಗೆಯೇ ಬಾಳಬೇಕಿತ್ತು.

ತಲೆಯ ಮೇಲಿನ ಆ ವ್ಯೂಫೈಂಡರ್ ನಮಗೂ ಬೇಕು. ಲೈಕಾದ ಫಿಲ್ಮ್ ಎಂ ಕ್ಯಾಮೆರಾಗಳ ಒಳಗಿನ ಕಿಟಕಿ ತೋರಿಸುವ ಅತಿ ಅಗಲದ ಚೌಕಟ್ಟು 28 ಮಿಲಿಮೀಟರಿಗೆ ನಿಲ್ಲುತ್ತದೆ. ಅದಕ್ಕಿಂತ ಅಗಲದ ಲೆನ್ಸ್ ಹಾಕಿದರೆ ಕೆಳಗಿನ ಕಿಟಕಿಯಲ್ಲಿ ಬಿಂಬ ಕೂರಿಸಿ ಫೋಕಸ್ ಮಾಡಬೇಕು, ಆಮೇಲೆ ಕಣ್ಣನ್ನು ಮೇಲಿನ ಕಿಟಕಿಗೆ ಒಯ್ದು ಚಿತ್ರದ ಚೌಕಟ್ಟು ನೋಡಬೇಕು. ಕಣ್ಣು ಕೆಳಗಿನಿಂದ ಮೇಲಕ್ಕೆ ಹೋಗುವಷ್ಟರಲ್ಲಿ ಮಗು ನಕ್ಕು ಮುಗಿದಿರುತ್ತದೆ.

ಇಂಥ ಲೆನ್ಸಿನ ಫೋಕಸ್ ಬಗ್ಗೆ ನಾನು ಮೊದಲ ಪಾಠ ಕಲಿತದ್ದು ಒಂದು ಮದುವೆ ಮನೆಯಲ್ಲಿ. ಗೆಳೆಯರೊಬ್ಬರಿಂದ ಹಳೆಯ 15ರ ಲೆನ್ಸ್ ಒಂದನ್ನು ಎರವಲು ತಂದಿದ್ದೆ. ತಿರುಪಿನಂತೆ ಕೂರುವ ಪುಟ್ಟ ಲೆನ್ಸ್. ಅದಕ್ಕೂ ಕ್ಯಾಮೆರಾದ ಕಿಟಕಿಗೂ ನಂಟಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಚೌಕದಲ್ಲಿ ಎರಡು ಬಿಂಬ ಒಂದಾಗಿಯೇ ಕಂಡಿದ್ದವು. ನಿಜವಾಗಿ ಅವು ಒಂದೇ ಕಡೆ ನಿಂತುಬಿಟ್ಟಿದ್ದವು, ಉಂಗುರ ತಿರುಗಿಸಿದರೂ ಅಲುಗುತ್ತಿರಲಿಲ್ಲ. ನಾನು ತಿರುಗಿಸಲೂ ಇಲ್ಲ. ಚೀಲದೊಳಗೆ ಉಜ್ಜಿ ಉಜ್ಜಿ ಉಂಗುರ 30 ಸೆಂಟಿಮೀಟರಿಗೆ ಬಂದು ನಿಂತಿತ್ತು. ಛತ್ರದ ಮಂದ ಬೆಳಕಿಗೆ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ರಂಧ್ರವನ್ನು, ಪೂರ್ತಿ ತೆರೆದಿದ್ದೆ. ಲೆಕ್ಕ ಹಾಕಿದರೆ, ಕ್ಯಾಮೆರಾದಿಂದ ಒಂದೂವರೆ ಗೇಣಿನಾಚೆ ಇದ್ದದ್ದೆಲ್ಲ ಮಸುಕು. ಧಾರೆ, ತಾಳಿ, ಸಪ್ತಪದಿ, ಹುಡುಗಿಯ ಅಜ್ಜಿ ಅಕ್ಷತೆ ಹಿಡಿದು ಅತ್ತದ್ದು, ಮೂವತ್ತಾರು ಚಿತ್ರಗಳಲ್ಲಿ ಒಂದೂ ನಿಲ್ಲಲಿಲ್ಲ. ಆ ಅಜ್ಜಿ ಈಗ ಇಲ್ಲ. ಅವರ ಮನೆಗೆ ಹೋದಾಗಲೆಲ್ಲ ಗೋಡೆಯ ಮೇಲೆ ಇರಬೇಕಾಗಿದ್ದ ಆ ಒಂದು ಚಿತ್ರ ನೆನಪಾಗಿ ಸಂಕಟವಾಗುತ್ತದೆ.

ಅದಾದ ಮೇಲೆ ಲೆಕ್ಕ ಕಲಿತೆ. ಅದರಲ್ಲಿ ನಮ್ಮ ಭಾಷೆಗೇ ಸೇರಿದ ಒಂದು ಅನುಕೂಲ ಅಡಗಿತ್ತು, ಅದನ್ನು ಹೇಳಲೆಂದೇ ಈ ಭಾಷಣ ಒಪ್ಪಿಕೊಂಡೆ.

ಫೋಕಸ್ ಎಂದರೆ ಲೆನ್ಸ್ ಹಿಂದೆ ಮುಂದೆ ಸರಿಯುವುದು. ಅನಂತದಿಂದ ಒಂದು ಮೀಟರಿಗೆ ಬರಲು 50ರ ಲೆನ್ಸ್ ಎರಡೂವರೆ ಮಿಲಿಮೀಟರಿಗೂ ಹೆಚ್ಚು ಮುಂದೆ ಸರಿಯುತ್ತದೆ. 15ರ ಲೆನ್ಸಿಗೆ ಸುಮಾರು ಕಾಲು ಮಿಲಿಮೀಟರ್ ಸಾಕು. ಅಷ್ಟು ಸಣ್ಣ ಚಲನೆಯಲ್ಲಿ ಇಡೀ ಲೋಕ ಮುಗಿದುಹೋಗುತ್ತದೆ ಎಂದರೆ, ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸ್ಪಷ್ಟವಾಗಿರುತ್ತದೆ ಎಂದೇ ಅರ್ಥ. ಎಷ್ಟು ಸ್ಪಷ್ಟ? 15ರ ಲೆನ್ಸಿನಲ್ಲಿ ಅಪರ್ಚರನ್ನು ಎಫ್ 8ಕ್ಕೆ ಕಿರಿದು ಮಾಡಿ, ಉಂಗುರವನ್ನು ಒಂದು ಮೀಟರಿಗೆ ನಿಲ್ಲಿಸಿದರೆ, 49 ಸೆಂಟಿಮೀಟರಿನಿಂದ ಹಿಡಿದು ಆಕಾಶದವರೆಗೆ ಎಲ್ಲವೂ ಸ್ಪಷ್ಟ. 21ರದ್ದಾದರೆ ಎಫ್ 8ರಲ್ಲಿ ಉಂಗುರವನ್ನು 1.86 ಮೀಟರಿಗೆ ನಿಲ್ಲಿಸಬೇಕು, ಆಗ 93 ಸೆಂಟಿಮೀಟರಿನಿಂದ ಆಚೆಗೆ ಎಲ್ಲವೂ ಸ್ಪಷ್ಟ. 50ರ ಲೆನ್ಸಿಗೆ ಇದೇ ಉಪಾಯ ಮಾಡಹೊರಟರೆ ಉಂಗುರ ಹತ್ತು ಮೀಟರಿನಾಚೆ ಹೋಗುತ್ತದೆ, ಐದು ಮೀಟರಿನೊಳಗೆ ಬಂದವರೆಲ್ಲ ಮಸುಕಾಗುತ್ತಾರೆ. ಉಂಗುರ ನಿಲ್ಲಿಸುವ ಈ ದೂರಕ್ಕೆ ಇಂಗ್ಲಿಷಿನಲ್ಲಿ ಹೈಪರ್‌ಫೋಕಲ್ ಎನ್ನುತ್ತಾರೆ.

ಈ ಅಂಕಿಗಳನ್ನು ಮೀಟರಿನಲ್ಲಿ ಬಾಯಿಪಾಠ ಮಾಡಿದರೆ ಬೀದಿಯಲ್ಲಿ ಮರೆತುಹೋಗುತ್ತವೆ. ನಮ್ಮ ಅಳತೆಗೆ ತಿರುಗಿಸಿ ನೋಡಿ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ, ಸುಮಾರು 45 ಸೆಂಟಿಮೀಟರ್. ಎರಡೂ ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ಹಾಗಾದರೆ 15ರ ಲೆನ್ಸಿನ ಲೆಕ್ಕ ಒಂದು ಮೊಳ, ಮೇಲೆ ಎರಡು ಬೆರಳು. ಅಲ್ಲಿಂದ ಅನಂತ. 21ರ ಲೆನ್ಸನ್ನು ಒಂದು ಮಾರಿಗೆ ನಿಲ್ಲಿಸಿದರೆ ಎರಡು ಮೊಳದಿಂದ ಅನಂತ. ಕಿಟಕಿಯಲ್ಲಿ ಬಿಂಬ ಕೂರಿಸುವ ಕೆಲಸವೇ ಬೇಡ. ದೂರವನ್ನು ಮಾತ್ರ ಫಿಲ್ಮ್ ಇರುವ ಜಾಗದಿಂದ, ಅಂದರೆ ಕ್ಯಾಮೆರಾದ ಬೆನ್ನಿನಿಂದ ಎಣಿಸಬೇಕು, ಲೆನ್ಸಿನ ಮೂತಿಯಿಂದಲ್ಲ.

ಗಾಂಧಿ ಬಜಾರಿನಲ್ಲಿ ಬೆಳಗ್ಗೆ ಹೂವು ಮಾರುವ ಒಬ್ಬ ತಾಯಿಯ ಹತ್ತಿರ ಇದನ್ನು ಮೊದಲು ಮಾಡಿ ನೋಡಿದೆ. "ಮೊಳ ಎಷ್ಟಮ್ಮಾ?" ಎಂದೆ. "ನಲವತ್ತು. ಒತ್ತಾಗಿ ಕಟ್ಟಿದೀನಿ, ನೋಡಿ ಸಾರ್" ಎಂದು ಮಲ್ಲಿಗೆ ದಂಡೆಯ ತುದಿಯನ್ನು ನಡುಬೆರಳಿಗೆ ಹಿಡಿದು ಮೊಣಕೈಗೆ ಎಳೆದರು. ಹೂವು ಅಳೆಯುವಾಗ ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. "ತೆಗೀರಿ, ಆದರೆ ಮೂರು ಮೊಳ ತಗೋಬೇಕು" ಎಂದರು. ಮಂಡಿಯೂರಿ ಕೂತೆ. 15ರ ಲೆನ್ಸಿನ ಉಂಗುರ ಮೊದಲೇ ಒಂದು ಮೀಟರಿನಲ್ಲಿ, ಅಪರ್ಚರ್ ಎಫ್ 8ರಲ್ಲಿ. ನಾನು ನೋಡಿಕೊಂಡದ್ದು ಒಂದೇ: ಅವರ ಕೈಗೂ ನನ್ನ ಕ್ಯಾಮೆರಾಕ್ಕೂ ನಡುವೆ ಅವರು ಅಳೆಯುತ್ತಿದ್ದ ಆ ಮೊಳಕ್ಕಿಂತ ತುಸು ಹೆಚ್ಚು ಜಾಗ ಇದೆಯೇ ಎಂದು. ಚಿತ್ರದಲ್ಲಿ ದಾರದ ಒಂದೊಂದು ಗಂಟೂ ಕಾಣುತ್ತದೆ. ಬಾಳೆಪಟ್ಟೆಯಿಂದ ಸೀಳಿದ ನಾರು, ಅದರ ಮೇಲಿನ ನೀರ ಹನಿ ಕಾಣುತ್ತವೆ. ಹಿಂದೆ ಅವರ ಮುಖ, ಅದರ ಹಿಂದೆ ಬುಟ್ಟಿಗಳ ಸಾಲು, ಅಂಗಡಿಗಳು, ಮೇಲೆ ಮರದ ಕೊಂಬೆ, ಎಲ್ಲವೂ ಅದೇ ಚೊಕ್ಕದಲ್ಲಿ ನಿಂತಿವೆ. ಮೊದಲು ತೆಗೆದ ಒಂದರಲ್ಲಿ ಅವರ ಮೊಣಕೈ ಚೌಕಟ್ಟಿನ ಅಂಚಿಗೆ ಬಿದ್ದು ಸೌತೆಕಾಯಿಯ ಹಾಗೆ ಎಳೆದುಕೊಂಡಿತ್ತು. ಅಗಲದ ಲೆನ್ಸ್ ಅಂಚಿನಲ್ಲಿರುವ ದುಂಡಗಿನದನ್ನೆಲ್ಲ ಹಿಗ್ಗಿಸುತ್ತದೆ. ಮನುಷ್ಯರ ಮುಖವನ್ನೂ ಕೈಯನ್ನೂ ಆದಷ್ಟು ನಡುವೆ ಇರಿಸಬೇಕು. ನಾನು ಅರ್ಧ ಹೆಜ್ಜೆ ಎಡಕ್ಕೆ ಸರಿದೆ, ಸರಿಹೋಯಿತು.

ಒಂದು ಮೊಳದ ದೂರದಿಂದ ಯಾರ ಚಿತ್ರವನ್ನೂ ಕದ್ದು ತೆಗೆಯಲಾಗದು. ಮಾತನಾಡಿಸಲೇಬೇಕು, ಅವರು ಒಪ್ಪಲೇಬೇಕು. ಈ ಲೆನ್ಸಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಇದಕ್ಕೆ.

ಇನ್ನು ಆಯ್ಕೆಯ ಮಾತು. ಎಲ್ಲವೂ ಚೌಕಟ್ಟಿನೊಳಗೆ ಹಿಡಿಸಲಿ ಎಂದು ಅಲ್ಟ್ರಾ ವೈಡ್ ಕೊಳ್ಳಲು ಹೊರಡುವವರೇ ಹೆಚ್ಚು. ಬೆಟ್ಟ, ಕೆರೆ, ದೇವಸ್ಥಾನ ಎಲ್ಲವನ್ನೂ ದೂರ ನಿಂತು ಹಿಡಿಯುತ್ತಾರೆ. ಮನೆಗೆ ಬಂದು ನೋಡಿದರೆ ಬೆಟ್ಟ ಹುಣಸೆಬೀಜದಷ್ಟಾಗಿರುತ್ತದೆ, ಚಿತ್ರದ ಅರ್ಧ ಬರಿಯ ಮಣ್ಣು ನೆಲ. ನೀವು ಎಷ್ಟು ಹತ್ತಿರ ಹೋಗಬಲ್ಲಿರಿ ಎಂದು ಮೊದಲು ನಿಮ್ಮನ್ನು ಕೇಳಿಕೊಳ್ಳಿ. ಮಾರು ದೂರದಲ್ಲಿ ಜನರ ನಡುವೆ ಓಡಾಡುವವರಿಗೆ 21 ಸರಿ. ಮೊದಲ ಅಲ್ಟ್ರಾ ವೈಡ್ ಅದೇ ಆಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇಕ್ಕಟ್ಟಾದ ಕೋಣೆ, ಗುಹೆ, ಮಂಟಪಗಳ ಒಳಗೆ ಕೆಲಸ ಮಾಡುವವರಿಗೆ, ಮೊಳದ ಅಳತೆಗೆ ಹೋಗಲು ಅಂಜದವರಿಗೆ 15. ಅದಕ್ಕೂ ಅಗಲದ 12 ಮತ್ತು 10 ಮಿಲಿಮೀಟರಿನವೂ ಈಗ ಸಿಗುತ್ತವೆ. 15 ನಿಮ್ಮ ಕೈಗೆ ಪೂರ್ತಿ ಪಳಗದೆ ಅವುಗಳ ಕಡೆ ಹೋಗಬೇಡಿ.

15ರ ಚರಿತ್ರೆಯಲ್ಲಿ ಎರಡು ಲೆನ್ಸುಗಳ ಹೆಸರು ಹೇಳಲೇಬೇಕು. ಒಂದು ಜೈಸ್‌ನ ಹೊಲೊಗಾನ್, 1969ರದ್ದು. ಮೂರೇ ಗಾಜು, ಎಫ್ 8 ಒಂದೇ ಅಪರ್ಚರ್. ಅದಕ್ಕೆಂದೇ ಮಾಡಿದ ಕ್ಯಾಮೆರಾದ ಕಿಟಕಿಯಲ್ಲಿ ಗಾರೆ ಕೆಲಸದವರ ರಸಮಟ್ಟದಂಥ ಗುಳ್ಳೆ ಕಾಣುತ್ತಿತ್ತು. ಹಿಡಿದ ಬೆರಳೇ ಚಿತ್ರದೊಳಗೆ ಬಂದುಬಿಡುವಷ್ಟು ಅಗಲವಾದ ನೋಟವಾದ್ದರಿಂದ ಕೆಳಗೊಂದು ಹಿಡಿಯನ್ನೂ ಕೊಟ್ಟಿದ್ದರು. ಇಂಥ ಲೆನ್ಸಿನಲ್ಲಿ ಮೂಲೆಗಳಿಗೆ ಹೋಗುವ ಬೆಳಕು ನಡುವಿನದರ ಒಂಬತ್ತನೇ ಒಂದು ಪಾಲಿನಷ್ಟೇ. ಸರಿದೂಗಿಸಲು ನಡುವೆ ಕಪ್ಪಾಗಿ ಅಂಚಿಗೆ ತಿಳಿಯಾಗುವ ಫಿಲ್ಟರ್ ಹಾಕಬೇಕು, ಹಾಕಿದರೆ ಎಫ್ 8 ಎಂಬುದು ಎಫ್ 16ರಷ್ಟು ಮಂದವಾಗುತ್ತದೆ. ಅದು ಸಂಗ್ರಹಕಾರರ ಲೆನ್ಸ್, ನಮ್ಮ ಕೈಗೆ ಎಟುಕುವುದಲ್ಲ. ಎಟುಕುವಂಥದ್ದನ್ನು 1999ರಲ್ಲಿ ಜಪಾನಿನ ಕೊಸೀನಾ ಕಂಪನಿ ಫೋಕ್ಟ್‌ಲೆಂಡರ್ ಎಂಬ ಹಳೆಯ ಹೆಸರಿನಲ್ಲಿ ತಂದಿತು. ಸೂಪರ್ ವೈಡ್ ಹೆಲಿಯಾರ್, 15 ಮಿಲಿಮೀಟರ್, ಎಫ್ 4.5, ತೂಕ ನೂರು ಗ್ರಾಮಿನ ಆಸುಪಾಸು. ಜೊತೆಗೆ ಬಂದ ಬೆಸ್ಸಾ ಎಲ್ ಕ್ಯಾಮೆರಾದಲ್ಲಿ ದೂರ ಅಳೆಯುವ ಕಿಟಕಿಯೂ ಇಲ್ಲ, ನೋಡುವ ಕಿಟಕಿಯೂ ಇಲ್ಲ! ಅಗಲದ ಲೆನ್ಸಿಗೆ ಅಳತೆಯ ಕಿಟಕಿ ಬೇಡ, ನೋಟಕ್ಕೆ ತಲೆಯ ಮೇಲೆ ಒಂದು ಫೈಂಡರ್ ಸಿಕ್ಕಿಸಿದರೆ ಸಾಕು ಎಂದು ಆ ಕ್ಯಾಮೆರಾ ಮಾಡಿದವರು ನಂಬಿದ್ದರು. ಅವರ ಆ ಧೈರ್ಯ ನನಗೆ ಬಹಳ ಹಿಡಿಸುತ್ತದೆ.

ಹಳೆಯದನ್ನು ಕೊಳ್ಳುವಾಗ ಎಚ್ಚರ ಬೇಕಾದ ಎರಡು ಮೂರು ಸಂಗತಿಗಳಿವೆ. 1999ರ ಆ 15ಕ್ಕೆ ಕಿಟಕಿಯ ನಂಟಿಲ್ಲ, 2009ರಲ್ಲಿ ಬಂದ ಎರಡನೇ ಆವೃತ್ತಿಗೆ ಇದೆ. ಕೊಳ್ಳುವ ಮುನ್ನ ಉಂಗುರ ತಿರುಗಿಸಿ ಚೌಕದಲ್ಲಿ ಬಿಂಬ ಸರಿಯುತ್ತದೆಯೇ ನೋಡಿ. ಹಳೆಯ ಸೂಪರ್ ಆಂಗ್ಯುಲಾನ್‌ನ ಹಿಂಭಾಗ ಕ್ಯಾಮೆರಾದೊಳಕ್ಕೆ ಎಷ್ಟು ಚಾಚುತ್ತದೆಯೆಂದರೆ, ಲೈಕಾ ಎಂ5ರಂಥ ಕ್ಯಾಮೆರಾದ ಒಳಗಿನ ಲೈಟ್ ಮೀಟರ್ ಕೆಲಸಕ್ಕೇ ಬರುವುದಿಲ್ಲ. ಕೈ ಮೀಟರ್ ಇಟ್ಟುಕೊಳ್ಳಬೇಕು. ಡಿಜಿಟಲ್ ಕ್ಯಾಮೆರಾ ಇರುವವರು ಇನ್ನೂ ಎಚ್ಚರವಾಗಿರಬೇಕು. ಫಿಲ್ಮಿನ ಹತ್ತಿರ ಕೂರುವ ಲೆನ್ಸಿನಿಂದ ಬೆಳಕು ಮೂಲೆಗಳಿಗೆ ತೀರಾ ಓರೆಯಾಗಿ ಬೀಳುತ್ತದೆ. ಫಿಲ್ಮ್ ಅದನ್ನು ಸಹಿಸಿತು, ಸೆನ್ಸರ್ ಸಹಿಸಲಿಲ್ಲ. 2009ರಲ್ಲಿ ಲೈಕಾ ಎಂ9 ಪೂರ್ಣ ಅಳತೆಯ ಸೆನ್ಸರ್‌ನೊಂದಿಗೆ ಬಂದಾಗ ಹಳೆಯ ಲೆನ್ಸುಗಳ ಚಿತ್ರದಲ್ಲಿ ಅಂಚುಗಳು ನೇರಳೆಗೆಂಪಾಗಿ ಕಂಡು ಜನ ಬೇಸರಪಟ್ಟರು. 2015ರಲ್ಲಿ ಬಂದ ಹೆಲಿಯಾರ್‌ನ ಮೂರನೇ ಆವೃತ್ತಿ ಈ ತೊಂದರೆಗೆಂದೇ ಹೊಸದಾಗಿ ರೂಪಿಸಿದ್ದು. ಉದ್ದವಾಯಿತು, ತೂಕ ಬೆಳೆಯಿತು, ಮೂಲೆ ಚೊಕ್ಕವಾಯಿತು.

ಹಾಗಾದರೆ ಕಿಟಕಿಯಲ್ಲಿ ಫೋಕಸ್ ಮಾಡುವ ಕೆಲಸ ಪೂರ್ತಿ ಬೇಡವೇ? ಬೇಕಾಗುವ ಸಂದರ್ಭವಿದೆ. 21ರ ಲೆನ್ಸನ್ನು ಎಫ್ 3.4ಕ್ಕೆ ತೆರೆದು ಒಂದು ಮೀಟರ್ ದೂರದ ಮುಖವನ್ನು ಹಿಡಿಯುವಾಗ ಸ್ಪಷ್ಟತೆ ಸುಮಾರು 80 ಸೆಂಟಿಮೀಟರಿನಿಂದ 1.3 ಮೀಟರಿನವರೆಗೆ ಮಾತ್ರ. ಆಗ ಕಿಟಕಿ ಬೇಕು. ಅದರಲ್ಲೂ ಒಂದು ಮೋಸವಿದೆ. ಚೌಕ ಇರುವುದು ನಡುವೆ. ಮುಖವನ್ನು ನಡುವೆ ಇಟ್ಟು ಬಿಂಬ ಕೂರಿಸಿ, ಆಮೇಲೆ ಕ್ಯಾಮೆರಾ ತಿರುಗಿಸಿ ಮುಖವನ್ನು ಅಂಚಿಗೆ ತಂದರೆ ಮುಖ ಮಸುಕಾಗುತ್ತದೆ. ಏಕೆಂದರೆ ಲೆನ್ಸಿನ ಸ್ಪಷ್ಟತೆ ನಮ್ಮ ಸುತ್ತ ಚೆಂಡಿನ ಹಾಗೆ ಇರುವುದಿಲ್ಲ, ಎದುರಿಗೆ ಗೋಡೆಯ ಹಾಗೆ ನಿಂತಿರುತ್ತದೆ. ಕ್ಯಾಮೆರಾವನ್ನು 40 ಡಿಗ್ರಿ ತಿರುಗಿಸಿದರೆ ಗೋಡೆಯೂ ತಿರುಗುತ್ತದೆ. ಒಂದು ಮೀಟರಿನಲ್ಲಿದ್ದ ಮುಖ ಆ ಗೋಡೆಯ ಲೆಕ್ಕದಲ್ಲಿ 77 ಸೆಂಟಿಮೀಟರಿಗೆ ಬಂದಿರುತ್ತದೆ, ಅಂದರೆ ಸ್ಪಷ್ಟತೆಯ ಗಡಿಯಿಂದ ಆಚೆ. ಹೀಗೆ ಕೆಟ್ಟ ಚಿತ್ರಗಳಿಗೆ ಲೆನ್ಸನ್ನು ಬೈಯುವವರನ್ನು ಕಂಡಿದ್ದೇನೆ. ಬಿಂಬ ಕೂರಿಸಿದ ಮೇಲೆ ಕ್ಯಾಮೆರಾ ತಿರುಗಿಸದೆ, ನೀವೇ ಪಕ್ಕಕ್ಕೆ ಹೆಜ್ಜೆ ಇಡಿ. ದೊಡ್ಡ ಪ್ರಿಂಟ್ ಹಾಕಿಸುವವರು ಇನ್ನೊಂದು ಕಟ್ಟುನಿಟ್ಟು ಪಾಲಿಸಬೇಕು. ಎಫ್ 8ರಲ್ಲಿ ತೆಗೆಯುವಾಗ ಲೆನ್ಸಿನ ಮೇಲೆ ಎಫ್ 4ಕ್ಕೆ ಬರೆದ ಗೆರೆಗಳ ನಡುವಿನ ದೂರವನ್ನೇ ಸ್ಪಷ್ಟ ಎಂದು ನಂಬಿ. ನಾನು ಮೊದಲು ಹೇಳಿದ ಮೊಳದ ಲೆಕ್ಕ ಸಾಧಾರಣ ಅಳತೆಯ ಪ್ರಿಂಟಿಗೆ.

ಕೊನೆಗೆ ಸೋಮನಾಥಪುರದ ಒಂದು ಮಧ್ಯಾಹ್ನ. ಹದಿಮೂರನೇ ಶತಮಾನದ ಕೇಶವ ದೇವಾಲಯದ ಹೊರಗೋಡೆಯ ಮುಂದೆ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ, ಒಳಗಿನ ಭುವನೇಶ್ವರಿಗಳನ್ನು, ಅಂದರೆ ಕೆತ್ತನೆಯ ಚಾವಣಿಗಳನ್ನು, ಕತ್ತೆತ್ತಿ ನೋಡುವವರು ಕಡಿಮೆ. ಒಳಗೆ ಕತ್ತಲು. ಟ್ರೈಪಾಡ್ ಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ನನ್ನಲ್ಲಿ ಅದಿರಲಿಲ್ಲ. ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸಿ ನೆಲದ ಮೇಲೆ ಇಟ್ಟೆ, ಲೆನ್ಸ್ ಮೇಲಕ್ಕೆ ನೋಡುವಂತೆ. ತಿರುಗಣೆಯಲ್ಲಿ ಕಡೆದ ಕಂಬಗಳ ನಡುವೆ, ಸರಿಯಾಗಿ ಒಂದು ಭುವನೇಶ್ವರಿಯ ಕೆಳಗೆ. ಕಲ್ಲಿನ ನೆಲ ಒಂದು ಕಡೆ ತಗ್ಗಿತ್ತು. ಬಸ್ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಕ್ಯಾಮೆರಾದ ಒಂದು ತುದಿಗೆ ಕೊಟ್ಟು, ಲೆನ್ಸಿನ ಅಂಚಿನ ಮೇಲೆ ಚಿಕ್ಕ ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವೆ ಬಂದು ನಿಂತ ಮೇಲೆ ತೆಗೆದೆ. ಉಂಗುರ ಒಂದು ಮೀಟರಿನಲ್ಲಿ, ಎಫ್ 8, ಶಟರ್ ಒತ್ತಿದಷ್ಟು ಹೊತ್ತು ತೆರೆದಿರುವ ಬಿ ಮೇಲೆ, ಕೈಯಲ್ಲಿ ಕೇಬಲ್ ರಿಲೀಸ್. ಕಂಬದ ನಡುಭಾಗ ಲೆನ್ಸಿನ ಹತ್ತಿರ, ಮೇಲಿನ ಕಲ್ಲಿನ ಬಾಳೆಮೊಗ್ಗು ಎಷ್ಟೋ ಎತ್ತರದಲ್ಲಿ, ಎರಡೂ ಲೆಕ್ಕದೊಳಗೆ ಬಂದವು. 110 ಡಿಗ್ರಿಯ ಈ ಕಣ್ಣಿಗೆ ಕೂತ ನನ್ನ ತಲೆಯೂ ಕಾಣುವಂತಿತ್ತು, ಅದಕ್ಕೇ ನೆಲಕ್ಕೆ ಕೆನ್ನೆ ಒರಗಿಸಿ ಮಲಗಿದೆ. ಕಲ್ಲು ತಣ್ಣಗಿತ್ತು. ಶಾಲೆಯ ಮಕ್ಕಳ ಒಂದು ಗುಂಪು ದಾಟಿ ಹೋಗುವವರೆಗೆ ಕಾದು, ಕೇಬಲ್ ಒತ್ತಿ, ಒಂದು, ಎರಡು ಎಂದು ಎಣಿಸಿ ಬಿಟ್ಟೆ. ಹಿಂದೆ ಉಳಿದಿದ್ದ ಒಬ್ಬ ಹುಡುಗ ನನ್ನ ಪಕ್ಕದಲ್ಲೇ ಅಂಗಾತ ಮಲಗಿ, "ಅಂಕಲ್, ಮೇಲೆ ಏನಿದೆ?" ಎಂದು ನೋಡತೊಡಗಿದ. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಮಲಗಿ ನೋಡಿದೆವು.